ರೈಲು ಬೋರ್ಡುಗಳು: ಹಳತಾದ ಮತ್ತು ಅಪರೂಪದ ಗಮ್ಯಫಲಕಗಳು

ಪ್ರಯಾಣಿಕರ ರೈಲು ಯಾವ ಊರಿಗೆ ಹೋಗುತ್ತದೆ ಎಂಬುದನ್ನು ಗಾಡಿಯ ಮೈಮೇಲೆಯೇ ತಿಳಿಸುವ ಬರಹವೇ ಗಮ್ಯಫಲಕ. ಜನರ ಬಾಯಲ್ಲಿ ಅದು ಬರೀ ಬೋರ್ಡು. ಎಂಜಿನ್ನಿನ ಮುಂಭಾಗ, ಬೋಗಿಯ ಕಿಟಕಿಯ ಕೆಳಗೆ, ಬಾಗಿಲ ಪಕ್ಕ ಇದರ ಜಾಗ. ಮರದ ಹಲಗೆ, ಎನಾಮಲ್ ತಗಡು, ಬಟ್ಟೆಯ ಸುರುಳಿ, ಎಲ್‌ಇಡಿ ದೀಪ ಎಂದು ಅದರ ರೂಪ ಕಾಲಕಾಲಕ್ಕೆ ಬದಲಾಗಿದೆ. ಊರಿನ ಹೆಸರು ಬದಲಾದ ಮೇಲೂ ಉಳಿದ ಬೋರ್ಡು, ನಿಲ್ದಾಣ ಮುಚ್ಚಿದ ಮೇಲೂ ಸುರುಳಿಯೊಳಗೆ ಉಳಿದ ಹೆಸರು, ಊರಿನ ಬದಲು ಒಂದೇ ಅಕ್ಷರ ತೋರಿಸುವ ಗಾಡಿ, ಕೊನೆಯ ನಿಲ್ದಾಣವೇ ಇಲ್ಲದ ವರ್ತುಲ ರೈಲು, ಅರ್ಥವನ್ನೇ ಕೆಡಿಸಿದ ಬರಹ ಇವು ಈ ಲೇಖನದ ವಸ್ತು.

ವೇಳಾಪಟ್ಟಿಯನ್ನು ಕಚೇರಿಯಲ್ಲಿ ಕುಳಿತು ತಿದ್ದಬಹುದು. ಬೋರ್ಡನ್ನು ತಿದ್ದಲು ಯಾರಾದರೂ ಬಣ್ಣದ ಡಬ್ಬಿ ಹಿಡಿದು ಗಾಡಿಯ ಬಳಿಗೇ ಹೋಗಬೇಕು. ಕಾಗದದ ಮೇಲೆ ಆದ ಬದಲಾವಣೆ ಬೋಗಿಯ ಮೈಗೆ ಬರುವುದು ತಡ. ಆ ತಡದಿಂದಾಗಿಯೇ ಬೋರ್ಡುಗಳಲ್ಲಿ ಗಡಿ, ಆಡಳಿತ ಮತ್ತು ಭಾಷೆಯ ಇತಿಹಾಸ ಬೇರೆಲ್ಲೂ ಸಿಗದಷ್ಟು ವಿವರವಾಗಿ ಉಳಿದುಕೊಂಡಿದೆ.

ಹಲಗೆಯಿಂದ ಸುರುಳಿಗೆ

ಮೊದಲ ಬಗೆಯದು ಕೈಯಿಂದ ತೂಗುಹಾಕುವ ಫಲಕ. ಬೋಗಿಯ ಪಕ್ಕದ ಕೊಂಡಿಗಳಿಗೆ ಅದನ್ನು ಸಿಕ್ಕಿಸುತ್ತಾರೆ. ಗಾಡಿಯ ಓಟ ಬದಲಾದರೆ ತೆಗೆದು ಬೇರೆಯದನ್ನು ಹಾಕುತ್ತಾರೆ. ಯುರೋಪಿನ ದೂರಪ್ರಯಾಣದ ರೈಲುಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿತ್ತು. ಒಂದೇ ರೈಲಿನ ಬೇರೆಬೇರೆ ಬೋಗಿಗಳು ದಾರಿಯಲ್ಲಿ ಕಳಚಿ ಬೇರೆಬೇರೆ ದೇಶಗಳಿಗೆ ಹೋಗುತ್ತಿದ್ದವು. ಹಾಗಾಗಿ ಊರಿನ ಹೆಸರು ಇಡೀ ಗಾಡಿಗಲ್ಲ, ಒಂದೊಂದು ಬೋಗಿಗೆ ಸೇರಿದ್ದು. ತಪ್ಪು ಬೋಗಿ ಹತ್ತಿದವರು ತಪ್ಪು ದೇಶಕ್ಕೇ ಹೋಗಿ ಇಳಿಯಬಹುದಿತ್ತು. ಕರ್ನಾಟಕದವರಿಗೂ ಈ ಪದ್ಧತಿ ಹೊಸದಲ್ಲ. ಬೆಂಗಳೂರಿನಿಂದ ಕರಾವಳಿಗೆ ಹೋಗುತ್ತಿದ್ದ ರಾತ್ರಿ ರೈಲು ಮಂಗಳೂರಿನಲ್ಲಿ ಎರಡಾಗಿ, ಒಂದು ಭಾಗ ಕಣ್ಣೂರಿಗೂ ಇನ್ನೊಂದು ಕಾರವಾರಕ್ಕೂ ಹೋಗುತ್ತಿದ್ದ ಕಾಲದಲ್ಲಿ ಬೋಗಿಯ ಬೋರ್ಡು ಓದದೆ ಹತ್ತುವಂತಿರಲಿಲ್ಲ. ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್ಸೂ ಹಿಂದೆ ಕೇರಳದ ಗಾಡಿಯೊಂದಿಗೆ ಜೋಡಿಯಾಗಿ ಓಡುತ್ತಿತ್ತು. ಎರಡೂ ಬೇರೆಯಾಗಿ ದಶಕಗಳು ಕಳೆದರೂ ಅದನ್ನು 'ಕೆ.ಕೆ. ಎಕ್ಸ್‌ಪ್ರೆಸ್' ಎನ್ನುವವರು ಇನ್ನೂ ಇದ್ದಾರೆ.

ಎರಡನೆಯ ಬಗೆ ಸುರುಳಿ ಬೋರ್ಡು. ಉದ್ದನೆಯ ಬಟ್ಟೆಯ ಮೇಲೆ, ಮುಂದೆ ಪ್ಲಾಸ್ಟಿಕ್ಕಿನಂಥ ಹಾಳೆಯ ಮೇಲೆ, ಆ ಮಾರ್ಗದ ಎಲ್ಲ ಕೊನೆಯ ನಿಲ್ದಾಣಗಳ ಹೆಸರನ್ನು ಒಂದರ ಕೆಳಗೊಂದು ಮುದ್ರಿಸಿ ಎರಡು ಉರುಳೆಗಳಿಗೆ ಸುತ್ತಿರುತ್ತಾರೆ. ಹಿಂದೆ ದೀಪ, ಮುಂದೆ ಗಾಜು. ಚಾಲಕನೋ ಗಾರ್ಡೋ ಹಿಡಿಕೆ ತಿರುಗಿಸಿ ಬೇಕಾದ ಹೆಸರನ್ನು ಗಾಜಿನ ಎದುರಿಗೆ ತರಬೇಕು. ಬ್ರಿಟನ್, ಅಮೆರಿಕ, ಜಪಾನಿನ ನಗರ ರೈಲುಗಳಲ್ಲಿ ದಶಕಗಳ ಕಾಲ ಇದೇ ನಡೆಯಿತು. ಇಡೀ ಸುರುಳಿಯನ್ನು ಒಟ್ಟಿಗೆ ಮುದ್ರಿಸುವುದರಿಂದ ಅದರಲ್ಲಿ ಒಂದು ಹೆಸರು ರದ್ದಾದರೂ ಸುರುಳಿ ಬದಲಾಗುತ್ತಿರಲಿಲ್ಲ. ಮುಚ್ಚಿಹೋದ ನಿಲ್ದಾಣವೂ ಚಾಲ್ತಿಯ ನಿಲ್ದಾಣಗಳ ನಡುವೆ ಹಾಗೆಯೇ ಸುತ್ತಿಕೊಂಡಿರುತ್ತಿತ್ತು. ಉರುಳೆ ಅರ್ಧಕ್ಕೆ ನಿಂತರೆ ಎರಡು ಊರುಗಳ ಅರ್ಧರ್ಧ ಹೆಸರು ಗಾಜಿನಲ್ಲಿ ಕಾಣಿಸುತ್ತಿತ್ತು.

ಜಪಾನಿನ ಸುರುಳಿಗಳಲ್ಲಿ ಊರಿನ ಹೆಸರಲ್ಲದ ಬರಹಗಳೂ ಇದ್ದವು: ವಿಶೇಷ ರೈಲು, ಗುಂಪು ಪ್ರವಾಸ, ಪ್ರಾಯೋಗಿಕ ಓಟ, ಖಾಲಿ ಗಾಡಿ ಡಿಪೋಗೆ. ಅಲ್ಲಿ ಇದು ಒಂದು ಕಲೆಯಾಗಿಯೂ ಬೆಳೆಯಿತು. 1929ರಲ್ಲಿ 'ಫುಜಿ', 'ಸಕುರಾ' ಎಂಬ ಹೆಸರು ಪಡೆದ ರೈಲುಗಳ ಹಿಂಬದಿಗೆ ಆ ಹೆಸರಿನ ಫಲಕ ಬಂತು. ಫುಜಿಯ ಫಲಕಕ್ಕೆ ಪರ್ವತದ ಆಕಾರವನ್ನೇ ಕೊಟ್ಟಿದ್ದರು. 1978ರ ಅಕ್ಟೋಬರಿನಿಂದ ವಿದ್ಯುತ್ ಎಕ್ಸ್‌ಪ್ರೆಸ್ ರೈಲುಗಳ ಮುಂಭಾಗದಲ್ಲಿ ಹೆಸರಿನ ಜೊತೆ ಬಣ್ಣದ ಚಿತ್ರವೂ ಸೇರಿತು. ಓದಲು ಬಾರದ ಮಗುವೂ ಗಾಡಿಯನ್ನು ಗುರುತಿಸಬಹುದಾದ ಇಂಥ ಬೋರ್ಡು ರೈಲು ಜಗತ್ತಿನಲ್ಲಿ ಮತ್ತೆ ಬಂದದ್ದು ಕಡಿಮೆ.

ಊರಿನ ಬದಲು ಅಕ್ಷರ

ಗಾಡಿಯ ಮುಂಭಾಗದಲ್ಲಿ ಜಾಗ ಕಡಿಮೆ. ದೂರದಿಂದ ನೋಡುವ ಸಿಗ್ನಲ್‌ಮನ್‌ಗೆ ಬೇಕಾದದ್ದು ಒಂದು ಗುರುತು ಮಾತ್ರ. ಹೀಗಾಗಿ ಊರಿನ ಹೆಸರು ಅಕ್ಷರವಾಗಿ, ಅಂಕಿಯಾಗಿ ಕುಗ್ಗಿತು. ಲಂಡನ್ನಿನ ನೈರುತ್ಯ ಮಾರ್ಗಗಳಲ್ಲಿ 1915ರ ಸುಮಾರಿಗೆ ವಿದ್ಯುತ್ ರೈಲು ಬಂದಾಗ ಮುಂಭಾಗದಲ್ಲಿ ಒಂದೇ ಅಕ್ಷರ ತೋರಿಸುತ್ತಿದ್ದರು. ಎಚ್ ಇದ್ದರೆ ಹ್ಯಾಂಪ್ಟನ್ ಕೋರ್ಟಿನ ಗಾಡಿ. 1960ರ ದಶಕದಲ್ಲಿ ಬ್ರಿಟಿಷ್ ರೈಲ್ವೆ ಇಡೀ ದೇಶಕ್ಕೆ ನಾಲ್ಕು ಸ್ಥಾನಗಳ ಸಂಕೇತ ತಂದಿತು. ಮೊದಲ ಅಂಕಿ ರೈಲಿನ ದರ್ಜೆ. 1 ಎಂದರೆ ಎಕ್ಸ್‌ಪ್ರೆಸ್, 2 ಎಂದರೆ ಎಲ್ಲ ಕಡೆ ನಿಲ್ಲುವ ಗಾಡಿ. ನಂತರದ ಅಕ್ಷರ ಅದು ಹೋಗುವ ಪ್ರದೇಶ. ವಿ ಪಶ್ಚಿಮ ವಲಯ, ಎಸ್ ಸ್ಕಾಟ್ಲೆಂಡ್, ಒ ದಕ್ಷಿಣ ವಲಯ. ಕೊನೆಯ ಎರಡು ಅಂಕಿ ಆ ಗಾಡಿಯದೇ ಗುರುತು. ಸಿಗ್ನಲ್ ಕ್ಯಾಬಿನ್‌ಗಳಿಗೆ ಇದೇ ಮಾಹಿತಿ ತಂತಿಯಲ್ಲೇ ಬರತೊಡಗಿದ ಮೇಲೆ ಮುಂಭಾಗದ ಬರಹದ ಅಗತ್ಯ ತಪ್ಪಿತು. 1976ರ ಜನವರಿಯಿಂದ ಅದನ್ನು ತೋರಿಸುವುದನ್ನು ನಿಲ್ಲಿಸಿದರು. ಸುರುಳಿಗಳನ್ನು ಒಮ್ಮೆಗೇ ಕಿತ್ತುಹಾಕಲಿಲ್ಲ. ನಾಲ್ಕು ಸೊನ್ನೆ ಬರುವಂತೆ ತಿರುಗಿಸಿ ಬಿಟ್ಟರು. ನಂತರ ಎಷ್ಟೋ ಎಂಜಿನ್ನುಗಳಲ್ಲಿ ಆ ಜಾಗದಲ್ಲಿ ಎರಡು ಬಿಳಿ ಚುಕ್ಕಿಗಳು ಬಂದವು. ಏನನ್ನೂ ಹೇಳದ ಆ ಸೊನ್ನೆಗಳನ್ನು ಹೊತ್ತು ಬ್ರಿಟನ್ನಿನ ಎಂಜಿನ್ನುಗಳು ವರ್ಷಗಟ್ಟಲೆ ಓಡಿದವು.

ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಅಕ್ಷರವೇ ಮಾರ್ಗದ ಹೆಸರು. ಅಲ್ಲಿ ಒಂದು ಕಾಲಕ್ಕೆ ಎಎ, ಆರ್‌ಆರ್ ಎಂಬ ಜೋಡಿ ಅಕ್ಷರಗಳಿದ್ದವು. 1985ರಲ್ಲಿ ಜೋಡಿ ಅಕ್ಷರಗಳನ್ನು ಕೈಬಿಟ್ಟರು. ಆರ್‌ಆರ್ ಬರೀ ಆರ್ ಆಯಿತು, ಎಎ ಕೆ ಆಯಿತು. ಕೆ ಅಕ್ಷರವೂ 1988ರಲ್ಲಿ ಹೋಯಿತು. 8 ಎಂಬ ಅಂಕಿ ಸೇರಿದ್ದು ಬ್ರಾಂಕ್ಸಿನ ಥರ್ಡ್ ಅವೆನ್ಯೂ ಎತ್ತರಿಸಿದ ಮಾರ್ಗಕ್ಕೆ, ಅದು 1973ರಲ್ಲಿ ಮುಚ್ಚಿತು. 9 ಎಂಬ ಅಂಕಿ 1989ರಲ್ಲಿ ಬಂದು 2005ರಲ್ಲಿ ಹೋಯಿತು. ಚಾಲ್ತಿಯಲ್ಲಿಲ್ಲದ ಅಕ್ಷರಗಳೂ ಸುರುಳಿಯೊಳಗೆ ಇದ್ದದ್ದರಿಂದ ಹಳೆಯ ಬೋಗಿಗಳಲ್ಲಿ ಅವು ಆಗಾಗ ಕಣ್ಣಿಗೆ ಬೀಳುತ್ತಿದ್ದವು.

ಭಾರತದಲ್ಲಿ ಈ ಪದ್ಧತಿ ಬೇರೂರಿದ್ದು ಮುಂಬೈ ಲೋಕಲ್‌ನಲ್ಲಿ. ಮಧ್ಯ ರೈಲ್ವೆಯ ಮುಖ್ಯ ಮಾರ್ಗ ಕಲ್ಯಾಣದಲ್ಲಿ ಕವಲಾಗುತ್ತದೆ: ಈಶಾನ್ಯಕ್ಕೆ ಕಸಾರಾ, ಆಗ್ನೇಯಕ್ಕೆ ಕರ್ಜತ್. ಕಸಾರಾ ಗಾಡಿಗೆ ಉತ್ತರ ದಿಕ್ಕಿನ ಎನ್, ಕರ್ಜತ್ ಗಾಡಿಗೆ ದಕ್ಷಿಣದ ಎಸ್. ಪಕ್ಕದಲ್ಲಿ ಫಾಸ್ಟ್ ಗಾಡಿಗೆ ಎಫ್, ಸ್ಲೋ ಗಾಡಿಗೆ ಎಸ್. ಆದ್ದರಿಂದ 'ಎಸ್ ಎಸ್' ಎಂದಿದ್ದರೆ ಕರ್ಜತ್ತಿಗೆ ಹೋಗುವ ಸ್ಲೋ ಲೋಕಲ್. ದಿನಾ ಓಡಾಡುವವರಿಗೆ ಇದು ಉಸಿರಾಟದಷ್ಟು ಸಲೀಸು. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಕೆಲಸಕ್ಕೆ ಹೋಗಿ ಮೊದಲ ದಿನ ದಾದರಿನಲ್ಲಿ ನಿಂತವರಿಗೆ ಏನೂ ತಿಳಿಯುವುದಿಲ್ಲ. ಸಂಕೇತಗಳಿಗೆಲ್ಲ ಇದೇ ಕೊರತೆ. ದಾರಿ ಗೊತ್ತಿದ್ದವರಿಗೆ ಅವು ಹೊತ್ತು ಉಳಿಸುತ್ತವೆ, ಗೊತ್ತಿಲ್ಲದವರನ್ನು ಹೊರಗೇ ನಿಲ್ಲಿಸುತ್ತವೆ.

ಭಾರತದ ಬೋಗಿ ಬೋರ್ಡು

ಭಾರತೀಯ ರೈಲ್ವೆಯ ದೂರಪ್ರಯಾಣದ ಗಾಡಿಯ ಬೋರ್ಡು ಜಗತ್ತಿನ ಬಹುತೇಕ ಬೋರ್ಡುಗಳಿಗಿಂತ ಭಿನ್ನ. ಸುರುಳಿ ಬೋರ್ಡು ಗಾಡಿ ಹೋಗುವ ಊರನ್ನು ಮಾತ್ರ ಹೇಳುತ್ತದೆ. ನಮ್ಮದು ಎರಡೂ ತುದಿಗಳನ್ನು, ಹೋಗಿಬರುವ ಎರಡೂ ಸಂಖ್ಯೆಗಳನ್ನು, ಸಾಮಾನ್ಯವಾಗಿ ಗಾಡಿಯ ಹೆಸರನ್ನೂ ಪ್ರಾದೇಶಿಕ ಭಾಷೆ, ಹಿಂದಿ, ಇಂಗ್ಲಿಷುಗಳಲ್ಲಿ ಬರೆಯುತ್ತದೆ. ಗಾಡಿ ಹಿಂತಿರುಗುವಾಗ ಬೋರ್ಡು ಬದಲಿಸುವ ಕೆಲಸ ಇದರಿಂದ ಉಳಿಯುತ್ತದೆ. ಆದರೆ ಗಾಡಿ ಈಗ ಯಾವ ಕಡೆಗೆ ಹೊರಟಿದೆ ಎಂಬುದು ಬೋರ್ಡಿನಿಂದ ತಿಳಿಯುವುದಿಲ್ಲ. ನಡುವಿನ ನಿಲ್ದಾಣದಲ್ಲಿ ನಿಂತವರು ಬೋರ್ಡು ಓದಿದ ಮೇಲೂ "ಇದು ಎಲ್ಲಿಗೆ ಹೋಗೋದು?" ಎಂದು ಕೇಳುವುದು ಇದೇ ಕಾರಣಕ್ಕೆ. ಒಂದೇ ರೇಕ್, ಅಂದರೆ ಜೋಡಿಸಿದ ಬೋಗಿಗಳ ಒಂದೇ ಸಾಲು, ಒಂದು ಊರಿಗೆ ಹೋಗಿಬಂದು ಮತ್ತೊಂದು ಹೆಸರಿನಲ್ಲಿ ಬೇರೆ ಊರಿಗೆ ಹೊರಡುವ ಪದ್ಧತಿಯೂ ಇದೆ. ಆಗ ಬೋರ್ಡಿನ ಎರಡು ಮುಖಗಳಲ್ಲಿ ಎರಡು ಗಾಡಿಗಳಿರುತ್ತವೆ, ಇಲ್ಲವೇ ಒಂದೇ ಮುಖದಲ್ಲಿ ಎರಡನ್ನೂ ತುರುಕಿರುತ್ತಾರೆ. ಮಗುಚಿ ಹಾಕುವುದನ್ನು ಮರೆತರೆ ಬೋರ್ಡು ಒಂದು ಊರು ಹೇಳುತ್ತದೆ, ಗಾಡಿ ಇನ್ನೊಂದಕ್ಕೆ ಹೋಗುತ್ತದೆ.

ಸಂಖ್ಯೆಗಳೂ ಹಳತಾಗುತ್ತವೆ. ಹಿಂದೆ ಒಂದೊಂದು ರೈಲ್ವೆಗೂ ಅದರದೇ ಅಪ್, ಡೌನ್ ಸಂಖ್ಯೆಗಳಿದ್ದವು. 1989ರ ಹೊತ್ತಿಗೆ ದೇಶಕ್ಕೆಲ್ಲ ನಾಲ್ಕು ಅಂಕಿ ಬಂತು, 2010ರ ಡಿಸೆಂಬರ್ 20ರಿಂದ ಐದು ಅಂಕಿ. ಕೋವಿಡ್ ಕಾಲದಲ್ಲಿ ಮಾಮೂಲು ಗಾಡಿಗಳೆಲ್ಲ 'ವಿಶೇಷ' ಎಂಬ ಹೆಸರಿನಲ್ಲಿ ಓಡಿದಾಗ ಮೊದಲ ಅಂಕಿಯ ಜಾಗದಲ್ಲಿ ಸೊನ್ನೆ ಕೂತಿತು. 2021ರ ನವೆಂಬರಿನಲ್ಲಿ ಹಳೆಯ ಸಂಖ್ಯೆಗಳು ಮರಳಿದವು. ನಾಲ್ಕು ಅಂಕಿಯ ಬೋರ್ಡು, ಅಥವಾ ಮಾಮೂಲು ಗಾಡಿಗೆ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಬರೆದ ಬೋರ್ಡು ಎಲ್ಲಾದರೂ ಸಿಕ್ಕರೆ ಅದರ ಕಾಲವನ್ನು ಸಂಖ್ಯೆ ನೋಡಿಯೇ ಸುಮಾರಾಗಿ ಹೇಳಬಹುದು.

ಹೆಸರು ಬದಲಾದ ಊರುಗಳು

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೋರ್ಡುಗಳ ಮಟ್ಟಿಗೆ ಈ ಬದಲಾವಣೆಯಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು ಎಂಬ ಕನ್ನಡ ಸಾಲು ಮೊದಲಿನಿಂದಲೂ ಹಾಗೆಯೇ ಇತ್ತು. ಬಣ್ಣ ಬಳಿಯಬೇಕಾದದ್ದು ಉಳಿದ ಎರಡು ಸಾಲುಗಳಿಗೆ. ಗುಲ್ಬರ್ಗಾ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಮಾತ್ರ ಕನ್ನಡದಲ್ಲೂ ತಿದ್ದುವ ಕೆಲಸ. ಇಂಗ್ಲಿಷ್ ಕಾಗುಣಿತದಲ್ಲಿ ಹಳೆಯ ಕಾಲ ಇನ್ನೂ ಉಳಿದಿದೆ. ಯಶವಂತಪುರದ ಇಂಗ್ಲಿಷ್ ಹೆಸರು ಇಂದಿಗೂ 'ಯೆಸ್ವಂತ್‌ಪುರ್' ಎಂದೇ ಇದೆ. ಇದಕ್ಕೆ ಎದುರಾದ ಉದಾಹರಣೆ ಬೆಂಗಳೂರು ದಂಡು. ಇಂಗ್ಲಿಷಿನಲ್ಲಿ ಕಂಟೋನ್ಮೆಂಟ್ ಎಂದಿರುವಲ್ಲಿ ಕನ್ನಡದ ಬೋರ್ಡು ದಂಡು ಎಂಬ ಸೊಗಸಾದ ಹಳೆಯ ಮಾತನ್ನು ಕಾಪಾಡಿಕೊಂಡಿದೆ. ಊರಲ್ಲಿ ಅದನ್ನು ಆಡುವವರು ಕಡಿಮೆಯಾದರೂ ರೈಲು ಬೋರ್ಡು ಮತ್ತು ನಿಲ್ದಾಣದ ಪ್ರಕಟಣೆಗಳು ಆ ಮಾತನ್ನು ಬಿಟ್ಟಿಲ್ಲ.

ಸಂಕೇತಾಕ್ಷರಗಳದು ಇನ್ನೊಂದು ಕತೆ. ಮದ್ರಾಸು ಚೆನ್ನೈ ಆದರೂ ಸೆಂಟ್ರಲ್ ನಿಲ್ದಾಣದ ಸಂಕೇತ ಎಂಎಎಸ್. ಹುಬ್ಬಳ್ಳಿಯದು ಯುಬಿಎಲ್, ಬೆಂಗಳೂರಿನದು ಎಸ್‌ಬಿಸಿ. ಆದರೆ ಮುಂಬೈಯ ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಗಿ, 2017ರಲ್ಲಿ 'ಮಹಾರಾಜ್' ಸೇರಿದಾಗ ಸಂಕೇತವೂ ಸಿಎಸ್‌ಟಿಎಂ ಇದ್ದದ್ದು ಸಿಎಸ್‌ಎಂಟಿ ಆಯಿತು. ಮೊಘಲ್‌ಸರಾಯ್, ಅಲಹಾಬಾದುಗಳ ಸಂಕೇತಗಳೂ ಹೆಸರಿನೊಂದಿಗೆ ಬದಲಾದವು.

ಹೆಸರು ಉದ್ದವಾದಷ್ಟೂ ಬೋರ್ಡು ಸಾಲುವುದಿಲ್ಲ. ಚೆನ್ನೈ ಸೆಂಟ್ರಲ್‌ಗೆ 2019ರಲ್ಲಿ ಬಂದ 'ಪುರಚ್ಚಿ ತಲೈವರ್ ಡಾ. ಎಂ.ಜಿ. ರಾಮಚಂದ್ರನ್ ಸೆಂಟ್ರಲ್' ಎಂಬ ಹೆಸರು ಯಾವ ಬೋಗಿಯ ಬೋರ್ಡಿಗೂ ಹಿಡಿಸದು. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು ಕೆಎಸ್‌ಆರ್ ಆಗುತ್ತದೆ, ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ಎಸ್‌ಎಸ್‌ಎಸ್ ಆಗುತ್ತದೆ, 2022ರಲ್ಲಿ ರೈಲು ಓಡಾಟ ಆರಂಭಿಸಿದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಸ್‌ಎಂವಿಟಿ ಆಗುತ್ತದೆ. ಗೌರವಕ್ಕೆಂದು ಇಟ್ಟ ಹೆಸರು ಹೀಗೆ ಮೂರು ನಾಲ್ಕು ಅಕ್ಷರಕ್ಕೆ ಇಳಿದಾಗ ಗೌರವವೂ ಕಾಣುವುದಿಲ್ಲ, ಹೊರಗಿನಿಂದ ಬಂದ ಪ್ರಯಾಣಿಕರಿಗೆ ಇದು ಬೆಂಗಳೂರಿನ ಯಾವ ನಿಲ್ದಾಣ ಎಂಬುದೂ ತಿಳಿಯುವುದಿಲ್ಲ. ಬೋರ್ಡಿನಲ್ಲಿ ಸಂಕ್ಷಿಪ್ತ ಅಕ್ಷರಗಳ ಜೊತೆ ಬಡಾವಣೆಯ ಹೆಸರೂ ಇರುವುದು ಅಗತ್ಯ. ಕೇರಳದ ಉದಾಹರಣೆ ಇಲ್ಲಿ ಹೊಂದುತ್ತದೆ: ಮೈಸೂರಿನಿಂದ ಹೊರಡುವ ಗಾಡಿಯ ಬೋರ್ಡಿನಲ್ಲಿ ವರ್ಷಗಟ್ಟಲೆ ಇದ್ದ ಕೊಚುವೇಲಿ 2024ರಲ್ಲಿ ತಿರುವನಂತಪುರಂ ಉತ್ತರ ಎಂದಾಯಿತು. ಎಲ್ಲಿ ಇಳಿಯುತ್ತೇವೆ ಎಂಬುದು ಈಗ ಹೆಸರಿನಿಂದಲೇ ತಿಳಿಯುತ್ತದೆ.

ಗಾಡಿಯ ಹೆಸರೂ ಬದಲಾಗುತ್ತದೆ. ಬೆಂಗಳೂರು ಮತ್ತು ಮೈಸೂರಿನ ನಡುವಿನ ಟಿಪ್ಪು ಎಕ್ಸ್‌ಪ್ರೆಸ್ 2022ರ ಅಕ್ಟೋಬರಿನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. 2021ರಲ್ಲಿ ಕಾಲ್ಕಾ ಮೇಲ್ ನೇತಾಜಿ ಎಕ್ಸ್‌ಪ್ರೆಸ್ ಆಗಿತ್ತು.

ಇಲ್ಲವಾದ ಕೊನೆಯ ನಿಲ್ದಾಣಗಳು

ಹೆಸರು ಉಳಿದು ಊರೇ ದಾರಿಯಿಂದ ತಪ್ಪಿಹೋದ ಗಾಡಿಗಳೂ ಇವೆ. 1929ರಲ್ಲಿ ಆರಂಭವಾದಾಗ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನ ಒಂದು ತುದಿ ಪೇಶಾವರ, ಇನ್ನೊಂದು ಮಂಗಳೂರು. ಅರಬ್ಬೀ ಸಮುದ್ರದ ದಡದ ತುಳುನಾಡಿನ ಊರನ್ನೂ ಖೈಬರ್ ಕಣಿವೆಯ ಬಾಗಿಲಲ್ಲಿರುವ ಪಟ್ಟಣವನ್ನೂ ಒಂದೇ ಗಾಡಿ ಜೋಡಿಸುತ್ತಿತ್ತು ಎಂಬುದು ಇಂದು ನಂಬಲು ಕಷ್ಟ. ಆ ವ್ಯವಸ್ಥೆ ಬಹಳ ಕಾಲ ನಡೆಯಲಿಲ್ಲ. ಈಗ ಅದೇ ಹೆಸರಿನ ಗಾಡಿ ಚೆನ್ನೈ ಮತ್ತು ದೆಹಲಿಯ ನಡುವೆ ಓಡುತ್ತದೆ. 1928ರ ಫ್ರಾಂಟಿಯರ್ ಮೇಲ್ ಬೊಂಬಾಯಿಯಿಂದ ಪೇಶಾವರಕ್ಕೆ ಹೋಗುತ್ತಿದ್ದ ಗಾಡಿ. ದೇಶವಿಭಜನೆಯ ನಂತರ ಅದರ ಕೊನೆ ಅಮೃತಸರ. 'ಫ್ರಾಂಟಿಯರ್', ಅಂದರೆ ಗಡಿ, ಎಂಬ ಹೆಸರು ಮಾತ್ರ 1996ರವರೆಗೂ ಉಳಿದಿತ್ತು, ಆಮೇಲೆ ಗೋಲ್ಡನ್ ಟೆಂಪಲ್ ಮೇಲ್ ಎಂದಾಯಿತು.

ಬೆಂಗಳೂರಿನವರಿಗೆ ಹತ್ತಿರದ ಉದಾಹರಣೆ ಐಲ್ಯಾಂಡ್ ಎಕ್ಸ್‌ಪ್ರೆಸ್. ಕೊಚ್ಚಿಯ ವಿಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್ ಅದರ ಕೊನೆಯ ನಿಲ್ದಾಣವಾಗಿದ್ದರಿಂದ ಆ ಹೆಸರು. ಮುಂದೆ ಗಾಡಿ ದ್ವೀಪಕ್ಕೆ ಹೋಗುವುದನ್ನು ಬಿಟ್ಟು ದಕ್ಷಿಣಕ್ಕೆ ಕನ್ಯಾಕುಮಾರಿಯವರೆಗೂ ಬೆಳೆಯಿತು. 1988ರ ಜುಲೈ 8ರಂದು ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತ ದಿನವೂ ಅದು ದ್ವೀಪದ ಹೆಸರನ್ನೇ ಹೊತ್ತಿತ್ತು.

ಧನುಷ್ಕೋಡಿಯದು ಇವೆಲ್ಲಕ್ಕಿಂತ ದಾರುಣ. 1914ರಲ್ಲಿ ಪಾಂಬನ್ ಸೇತುವೆ ಆದ ಮೇಲೆ ಮದ್ರಾಸಿನ ಎಗ್ಮೋರಿನಿಂದ ಧನುಷ್ಕೋಡಿಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೋಗೆ ರೈಲು ಎಂಬ ಸಂಪರ್ಕ ಏರ್ಪಟ್ಟಿತು. ಬೋಟ್ ಮೇಲ್ ಎಂಬ ಹೆಸರು ಹುಟ್ಟಿದ್ದು ಆ ಹಡಗಿನಿಂದ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ ಧನುಷ್ಕೋಡಿಯನ್ನೂ ಅಲ್ಲಿಗೆ ಹೋಗುತ್ತಿದ್ದ ಪ್ಯಾಸೆಂಜರ್ ಗಾಡಿಯನ್ನೂ ಪ್ರಯಾಣಿಕರ ಸಮೇತ ಕೊಚ್ಚಿಕೊಂಡು ಹೋಯಿತು. ಆ ಹಳಿಯನ್ನು ಮತ್ತೆ ಹಾಕಲಿಲ್ಲ. ರಾಮೇಶ್ವರವೇ ಕೊನೆಯಾಯಿತು, ಹಡಗಿನ ಸಂಪರ್ಕವಿಲ್ಲದ ಗಾಡಿಯನ್ನು ಜನ ಇಂದಿಗೂ ಬೋಟ್ ಮೇಲ್ ಎನ್ನುತ್ತಾರೆ.

ಲಂಡನ್ ಸುರಂಗ ರೈಲಿನ ಎರಡು ಕೊನೆಯ ನಿಲ್ದಾಣಗಳು, ನಗರದ ನಡುವಿನ ಆಲ್ಡ್‌ವಿಚ್ ಮತ್ತು ಹೊರವಲಯದ ಆಂಗರ್, ಒಂದೇ ದಿನ ಮುಚ್ಚಿದವು: 1994ರ ಸೆಪ್ಟೆಂಬರ್ 30.

ಕೊನೆಯಿಲ್ಲದ ಗಾಡಿಗಳು

ವರ್ತುಲದಲ್ಲಿ ಸುತ್ತುವ ಗಾಡಿಗೆ ಬೋರ್ಡು ಬರೆಯುವುದು ಕಷ್ಟ, ಅದಕ್ಕೆ ಹೋಗುವ ಊರೆಂಬುದೇ ಇಲ್ಲ. ಟೋಕಿಯೋದ ಯಮನೋತೆ ಮಾರ್ಗದಲ್ಲಿ ಶಿಂಜುಕು, ಶಿಬುಯಾ ಕಡೆಗೆ ಎಂದು ಮುಂದಿನ ದೊಡ್ಡ ನಿಲ್ದಾಣಗಳನ್ನು ಹೇಳುತ್ತಾರೆ. ಗ್ಲಾಸ್ಗೋದ ಸುರಂಗ ರೈಲಿನಲ್ಲಿ ಹೊರವರ್ತುಲ, ಒಳವರ್ತುಲ ಎಂಬ ಎರಡೇ ಗುರುತು. ಲಂಡನ್ನಿನ ಸರ್ಕಲ್ ಮಾರ್ಗದ ಬೋರ್ಡು ದಶಕಗಳ ಕಾಲ ಮಾರ್ಗದ ಹೆಸರನ್ನೇ ಊರಿನ ಜಾಗದಲ್ಲಿ ತೋರಿಸಿತು. 2009ರ ಡಿಸೆಂಬರಿನಲ್ಲಿ ವರ್ತುಲವನ್ನು ಒಡೆದು ಹ್ಯಾಮರ್‌ಸ್ಮಿತ್‌ವರೆಗೆ ಬಾಲ ಎಳೆದ ಮೇಲೆ ಆ ಮಾರ್ಗಕ್ಕೂ ಕೊನೆಯ ನಿಲ್ದಾಣಗಳು ಬಂದವು. ದೆಹಲಿಯ ರಿಂಗ್ ರೈಲ್ವೆಯಲ್ಲಿ ನಿಜಾಮುದ್ದೀನಿನಿಂದ ಹೊರಟ ಗಾಡಿ ನಿಜಾಮುದ್ದೀನಿಗೇ ಬರುತ್ತದೆ.

ಅರ್ಥ ಕೆಟ್ಟ ಬೋರ್ಡು

ಭಾಷೆ ಬಲ್ಲವರ ಕಣ್ಣಿಗೆ ಬೀಳದೆ ಬರೆದ ಬೋರ್ಡು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2024ರ ಏಪ್ರಿಲ್‌ನಲ್ಲಿ ಸುದ್ದಿಯಾದ ಪ್ರಕರಣ ಸಾಕ್ಷಿ. ರಾಂಚಿ ಬಳಿಯ ಹಟಿಯಾದಿಂದ ಎರ್ನಾಕುಲಂಗೆ ಹೋಗುವ ಎಕ್ಸ್‌ಪ್ರೆಸ್ಸಿನ ಬೋರ್ಡಿನಲ್ಲಿ ಹಟಿಯಾ ಎಂಬ ಊರನ್ನು ಯಂತ್ರಾನುವಾದವು ಹಿಂದಿಯ 'ಹತ್ಯಾ' ಎಂದು ತಿಳಿದಂತಿತ್ತು. ಮಲಯಾಳದ ಸಾಲಿನಲ್ಲಿ 'ಕೊಲಪಾತಕಂ' ಎಂದು ಬಂತು. ಕೇರಳದ ಜನ ಕಂಡದ್ದು ಕೊಲೆಯಿಂದ ಎರ್ನಾಕುಲಂಗೆ ಓಡುವ ರೈಲು. ರೈಲ್ವೆ ತಪ್ಪನ್ನು ಒಪ್ಪಿಕೊಂಡು ಆ ಪದದ ಮೇಲೆ ಹಳದಿ ಬಣ್ಣ ಬಳಿಸಿತು. ಊರಿನ ಹೆಸರು ಅನುವಾದ ಮಾಡುವ ವಸ್ತುವಲ್ಲ, ಆ ಭಾಷೆಯ ಲಿಪಿಯಲ್ಲಿ ಬರೆಯುವ ವಸ್ತು. ಗಾಡಿ ಹೋಗುವ ರಾಜ್ಯದ ಭಾಷೆ ಓದಬಲ್ಲ ಒಬ್ಬರಾದರೂ ಬೋರ್ಡು ತೂಗುವ ಮುನ್ನ ಅದನ್ನು ನೋಡಬೇಕು. ಇದಕ್ಕೆ ದೊಡ್ಡ ಖರ್ಚೇನೂ ಬೇಡ.

ದೀಪದ ಬೋರ್ಡುಗಳ ಕಾಲ

ಎಲ್‌ಇಡಿ ಬೋರ್ಡು ಬಂದ ಮೇಲೆ ಹೆಸರು ಬದಲಿಸುವುದು ಕ್ಷಣದ ಕೆಲಸ. ಬೆಂಗಳೂರಿನ ನಮ್ಮ ಮೆಟ್ರೊದ ನೇರಳೆ ಮಾರ್ಗದ ಪಶ್ಚಿಮ ತುದಿ ಮೈಸೂರು ರಸ್ತೆಯಿಂದ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಹೋಯಿತು. ಹಸಿರು ಮಾರ್ಗದ ನಾಗಸಂದ್ರದ ಜಾಗಕ್ಕೆ 2024ರಲ್ಲಿ ಮಾದಾವರ ಬಂತು. ಹಳೆಯ ಕೊನೆಗಳ ಒಂದು ಫಲಕವೂ ಉಳಿಯಲಿಲ್ಲ, ಏಕೆಂದರೆ ಫಲಕ ಎಂಬ ವಸ್ತುವೇ ಇರಲಿಲ್ಲ.

ದೀಪದ ಬೋರ್ಡಿಗೂ ಅದರದೇ ಕಷ್ಟಗಳಿವೆ. ದೀಪಗಳ ಸಾಲುಗಳು ಒಟ್ಟಿಗೆ ಉರಿಯದೆ ಒಂದರ ಹಿಂದೆ ಒಂದು ಬಹಳ ವೇಗವಾಗಿ ಬೆಳಗುತ್ತವೆ. ಕಣ್ಣಿಗೆ ಪೂರ್ತಿ ಕಂಡರೂ ಫೋಟೋದಲ್ಲಿ ಹೆಸರು ಅರ್ಧ ಮಾತ್ರ ಬೀಳುವುದು ಇದರಿಂದ. ಮೂರು ಭಾಷೆ ಸರದಿಯಂತೆ ಹರಿದುಹೋಗುವಾಗ ತಮ್ಮ ಭಾಷೆ ಬರುವವರೆಗೆ ಕಾಯುತ್ತ ನಿಂತವರ ಎದುರಿಗೇ ಗಾಡಿ ಹೊರಟುಬಿಡಬಹುದು. ಕನ್ನಡಕ್ಕೆ ಇನ್ನೂ ಒಂದು ತೊಡಕು: ಒತ್ತಕ್ಷರಗಳು ಸಾಲಿನ ಕೆಳಗೆ ಜಾಗ ಕೇಳುತ್ತವೆ. ಚುಕ್ಕಿಗಳ ಸಾಲು ಕಡಿಮೆಯಿದ್ದರೆ 'ಹುಬ್ಬಳ್ಳಿ'ಯ ಎರಡು ಒತ್ತುಗಳು ಮುದ್ದೆಯಾಗುತ್ತವೆ; ತಂತ್ರಾಂಶ ಸರಿಯಿಲ್ಲದಿದ್ದರೆ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಕೈಯಲ್ಲಿ ಕುಂಚ ಹಿಡಿದ ಬೋರ್ಡು ಬರಹಗಾರರು ಈ ಅಕ್ಷರಗಳನ್ನು ತಗಡಿನ ಮೇಲೆ ದುಂಡಗೆ, ದೂರಕ್ಕೆ ಕಾಣುವ ಹಾಗೆ ಬರೆಯುತ್ತಿದ್ದರು. ಓದುವ ಅನುಕೂಲದ ಮಟ್ಟಿಗೆ ಹೊಸ ಬೋರ್ಡು ಹಳೆಯದಕ್ಕಿಂತ ಹಿಂದೆಯೇ ಇದೆ.

ಸಂಗ್ರಹ

ಬ್ರಿಟನ್, ಜಪಾನ್, ಅಮೆರಿಕಗಳಲ್ಲಿ ಹಳೆಯ ಸುರುಳಿಗಳನ್ನೂ ಎನಾಮಲ್ ಫಲಕಗಳನ್ನೂ ಹವ್ಯಾಸಿಗಳು ಹಣ ಕೊಟ್ಟು ಕೊಳ್ಳುತ್ತಾರೆ. ಲಂಡನ್ನಿನ ಸಾರಿಗೆ ವಸ್ತುಸಂಗ್ರಹಾಲಯ ಮತ್ತು 1976ರಲ್ಲಿ ಬ್ರೂಕ್ಲಿನ್ನಿನ ಹಳೆಯ ಸುರಂಗ ನಿಲ್ದಾಣವೊಂದರಲ್ಲಿ ತೆರೆದ ನ್ಯೂಯಾರ್ಕಿನ ಸಂಗ್ರಹಾಲಯ ಈ ಕ್ಷೇತ್ರದಲ್ಲಿ ಹೆಸರಾದವು. ಭಾರತದಲ್ಲಿ ದೆಹಲಿಯ ನಂತರ 1979ರಲ್ಲಿ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯ ಆರಂಭವಾಯಿತು, 2020ರಲ್ಲಿ ಹುಬ್ಬಳ್ಳಿಯಲ್ಲಿ ಇನ್ನೊಂದು. ಎಂಜಿನ್ನು, ಬೋಗಿಗಳಿಗೆ ಸಿಕ್ಕ ಆದರ ತಗಡಿನ ಬೋರ್ಡಿಗೆ ಸಿಕ್ಕಿಲ್ಲ. ಮೀಟರ್ ಗೇಜ್ ಕಾಲದ, ನಾಲ್ಕು ಅಂಕಿಯ ಕಾಲದ, ಹಳೆಯ ಹೆಸರುಗಳ ಕಾಲದ ಬೋರ್ಡುಗಳನ್ನು ಡಿಪೋಗಳ ಗುಜರಿಯಿಂದ ಎತ್ತಿ, ಯಾವ ಗಾಡಿಯದು, ಯಾವ ವರ್ಷದ್ದು ಎಂದು ಗುರುತು ಹಾಕಿ ಮೈಸೂರು ಮತ್ತು ಹುಬ್ಬಳ್ಳಿಯ ಸಂಗ್ರಹಾಲಯಗಳು ಜೋಡಿಸಬೇಕು. ಬೋರ್ಡು ಬರೆದ ಕುಶಲಕರ್ಮಿಗಳಲ್ಲಿ ಹಲವರು ನಿವೃತ್ತರಾಗಿದ್ದಾರೆ. ಅವರ ನೆನಪುಗಳನ್ನೂ ಈಗಲೇ ಬರೆದಿಟ್ಟುಕೊಳ್ಳಬೇಕು.